ಅರವತ್ತನೆಯ ರಾತ್ರಿ

ಡಿಸೆಂಬರ್ ೧೯, ಬೆಳಿಗ್ಗೆ ೭

ಹೋಟೆಲಿನ ತಿಂಡಿ. ಎರಡು ಆಮ್ಲೆಟ್, ಟೋಸ್ಟು, ಕಾಫಿ. ಫ್ಯಾಕ್ಟರಿಗೆ ನಿಧಾನವಾಗಿ ಹೋದರಾಯಿತು. ಪ್ಯಾಕಿಂಗ್ ಮೆಷಿನ್ ನಿನ್ನೆಯೇ ಸರಿಹೋಗಿತ್ತು. ಟ್ರಯಲ್ ನೋಡಬೇಕು ಅಂತ ಇನ್ನೊಂದು ರಾತ್ರಿ ಎಳೆದೆ. ಸರ್ವೀಸ್ ಎಂಜಿನಿಯರ್ ನಾನೇ ಹೇಳಿದ ಮೇಲೆ ಯಾರು ಇಲ್ಲ ಅಂತಾರೆ?

ಈ ವರ್ಷ ಐವತ್ತೆಂಟು ರಾತ್ರಿ ಆಯಿತು. ಈ ಹೋಟೆಲ್ ಕಂಪನಿಯ ಯಾವ ಊರಿನ ಹೋಟೆಲಲ್ಲಾದರೂ ಸರಿ, ವರ್ಷಕ್ಕೆ ಅರವತ್ತು ರಾತ್ರಿ ಮಲಗಿದರೆ ಡೈಮಂಡ್ ಕಾರ್ಡ್. ಅದರ ಮೇಲೆ ಇನ್ನೊಂದಿಲ್ಲ. ಮೂವತ್ತೊಂದರೊಳಗೆ ಮುಗಿಯಬೇಕು, ಆಮೇಲೆ ಮತ್ತೆ ಸೊನ್ನೆಯಿಂದ ಶುರು. ತಿಂಗಳ ಕೊನೆಗೆ ಎರಡು ರಾತ್ರಿಯ ಟೂರಿದೆ. ಬಚಾವ್.

ಮಾರ್ಚಿನದು ಇನ್ನೂ ಮರೆತಿಲ್ಲ. ಆಫೀಸಿನ ‘ಸೂಟ್‌ಕೇಸ್’ — ವರ್ಷವಿಡೀ ಟೂರು, ಅದಕ್ಕೇ ಆ ಹೆಸರು — ಹೋಟೆಲಿನ ಲೌಂಜಿನ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, “ನೀನಿಲ್ಲೇ ಇರಪ್ಪ, ಇದು ಡೈಮಂಡ್‌ನವರಿಗೆ” ಅಂದ. ಗಾಜಿನಾಚೆ ಕೂತು ಕೈ ಬೀಸಿದ. ಹೊಟ್ಟೆ ಉರಿದುಹೋಯಿತು.

ಡಿಸೆಂಬರ್ ೨೭

ಟೂರ್ ಕ್ಯಾನ್ಸಲ್. ಫ್ಯಾಕ್ಟರಿಗೆ ರಜೆಯಂತೆ. ಥತ್!

ಮನೆಯಲ್ಲಿ ಹೇಳಲಿಲ್ಲ. ಊಟದ ಹೊತ್ತಿಗೆ ಸುಮ್ಮನೆ ಬಿಟ್ಟು ನೋಡಿದೆ — ಕೆಲವರು ಸ್ವಂತ ಊರಲ್ಲೇ ಹೋಟೆಲಲ್ಲಿದ್ದು ರಾತ್ರಿ ಭರ್ತಿ ಮಾಡುತ್ತಾರಂತೆ.

“ಮನೆ ಇಟ್ಕೊಂಡಾ? ಅವ್ರ ತಲೆ ನೆಟ್ಟಗಿದೆಯಾ?” ಅಂದಳು ಇವಳು.

“ಹೆಂಡ್ತಿ ಕಾಟ ಇರತ್ತೇನೋ ಬಿಡು, ಪಾಪ” ಅಂತ ಅಮ್ಮ.

ಅತ್ತೆ ಸೊಸೆ ಬಿದ್ದು ಬಿದ್ದು ನಕ್ಕರು. ನಾನೂ ಹಲ್ಲು ಕಿರಿದೆ. ಇನ್ನು ಬಾಯಿ ಬಿಡುವ ಹಾಗಿಲ್ಲ. ಇಪ್ಪತ್ತೊಂಬತ್ತಕ್ಕೆ ಟೂರ್ ಇದ್ದೇ ಇದೆ, ಆರು ಗಂಟೆ ದಾರಿ, ಅಂದೆ. ಇವಳು ಎದ್ದು ಹೋಗಿ ಸ್ವೆಟರ್ ತೆಗೆದಿಟ್ಟಳು. ಅಲ್ಲಿ ಚಳಿಯಂತೆ.

ಡಿಸೆಂಬರ್ ೨೯, ಸಂಜೆ

ನಮ್ಮೂರಿನಲ್ಲೇ ಇರುವ ಅದೇ ಕಂಪನಿಯ ಹೋಟೆಲು, ಎರಡು ರಾತ್ರಿಗೆ. ಮೂರನೇ ಮಹಡಿ. ಮನೆಗೆ ಎರಡು ಸ್ಟಾಪ್ ದೂರ. ಕಳ್ಳನ ಹಾಗೆ ಒಳಗೆ ಬಂದೆ, ತಲೆ ಬಗ್ಗಿಸಿಕೊಂಡು. ಕೌಂಟರಿನ ಹುಡುಗಿ “ಮತ್ತೆ ಬಂದಿದ್ದು ತುಂಬಾ ಸಂತೋಷ, ಸರ್” ಅಂದಳು. ಈ ಹೋಟೆಲಿಗೆ ಬಂದದ್ದು ಇದೇ ಮೊದಲು. ಆದರೂ ಖುಷಿಯಾಯಿತು, ಸುಳ್ಳೇಕೆ.

ಕಾರ್ಡ್ ಬರಲಿ. ಇಬ್ಬರನ್ನೂ ಎಲ್ಲಾದರೂ ದೊಡ್ಡ ರೂಮಿಗೆ ಕರೆದುಕೊಂಡು ಹೋಗುತ್ತೇನೆ. ಆಗ ನಗಲಿ ನೋಡೋಣ.

ಡಿಸೆಂಬರ್ ೩೦, ೧೦.೩೦

ಇವಳ ಫೋನು. ಅಮ್ಮ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದಾಳೆ. ಒಣಗಿದ ಬಟ್ಟೆ ತರಲು ಹೋಗಿದ್ದಳಂತೆ. ಸೊಂಟದ ಮೂಳೆ ಮುರಿದಿದೆ. ಆಸ್ಪತ್ರೆಗೆ ಸೇರಿಸಿದ್ದಾರೆ — ಅದರ ಬೋರ್ಡು ಈ ಕಿಟಕಿಯಿಂದ ಕಾಣುತ್ತದೆ. ಹನ್ನೆರಡಕ್ಕೆ ಆಪರೇಷನ್ ಅಂದಿದ್ದಾರೆ ಡಾಕ್ಟರು. ಅಮ್ಮ ಒಪ್ಪುತ್ತಿಲ್ಲ.

ಫೋನು ಅಮ್ಮನ ಕೈಗೆ ಹೋಯಿತು. “ನೀನು ಬಾ. ನಿನ್ನ ಮುಖ ನೋಡ್ಕೊಂಡೇ ಒಳಗೆ ಹೋಗೋದು.”

“ಆರು ಗಂಟೆ ದಾರಿ ಅಮ್ಮಾ, ಕಾಯ್ಬೇಡ. ನೀನು ಹೋಗು.”

“ಆಗ್ಲಿ. ಹೆತ್ತೋಳು ಆರು ಗಂಟೆ ಕಾಯಲ್ವಾ?”

ಹಲ್ಲು ಕಚ್ಚಿಕೊಂಡು ಮಾತಾಡುತ್ತಿದ್ದಳು. ಈಗಲೇ ಹೊರಟೆ ಅಂದೆ.

೧೧.೧೫

ಲಾಬಿಗೆ ಇಳಿದೆ. ನಡೆದರೆ ಹತ್ತು ನಿಮಿಷ. ಆದರೆ ಈಗಲೇ ಹೋಗಿ ನಿಂತರೆ, ಎಲ್ಲಿಂದ ಬಂದ್ರಿ ಅಂತ ಇವಳು ಕೇಳುತ್ತಾಳೆ. ಏನನ್ನಲಿ? ಬಾಗಿಲ ತನಕ ಹೋಗಿ ವಾಪಸ್ ಬಂದೆ.

“ಏನಾದ್ರೂ ಬೇಕಾಗಿತ್ತಾ ಸರ್?” ಅಂದಳು ಕೌಂಟರಿನ ಹುಡುಗಿ. ಆಗ ಕೇಳಿದೆ — “ಇವತ್ತು ರಾತ್ರಿ ರೂಮಲ್ಲಿ ಇಲ್ದಿದ್ರೂ ನೈಟ್ ಕೌಂಟ್ ಆಗತ್ತಾ?”

ಆಗುತ್ತಂತೆ.

ಅಮ್ಮ ಅಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದಾಳೆ, ನಾನು ಕೇಳಿದ್ದು ಇದನ್ನು. ಇದೇ ಬಾಯಿಂದ. ನಾಲಿಗೆ ಸೇದಿಹೋಗಬಾರದಿತ್ತೇ. ಮತ್ತೆ ಮೇಲೆ ಬಂದು ಕೂತಿದ್ದೇನೆ.

೧.೨೦

ಮತ್ತೆ ಇವಳು. ಎಲ್ಲಿದ್ದೀರಿ? ಅರ್ಧ ದಾರಿ ಅಂದೆ. ಗಾಡಿಗಳ ಸದ್ದು ಕೇಳಲಿ ಅಂತ ಕಿಟಕಿ ತೆಗೆದಿಟ್ಟಿದ್ದೆ. ಇಂಥದ್ದಕ್ಕೆಲ್ಲ ತಲೆ ಎಷ್ಟು ಚೆನ್ನಾಗಿ ಓಡುತ್ತದೆ!

“ಡ್ರೈವರಿಗೆ ಜೋರಾಗಿ ಓಡಿಸ್ಬೇಡಿ ಅನ್ನಿ. ಅತ್ತೆಗೆ ಇಂಜೆಕ್ಷನ್ ಕೊಟ್ರೂ ನೋವು ತಗ್ಗಿಲ್ಲ. ಡಾಕ್ಟರು ಮೂರು ಗಂಟೆಗೆ ಬೇರೆ ಆಸ್ಪತ್ರೆಗೆ ಹೋಗ್ತಾರಂತೆ. ಅಷ್ಟರೊಳಗೆ ಬರಕ್ಕಾಗತ್ತಾ?”

ನೋಡ್ತೀನಿ ಅಂದೆ. ಮೂರಕ್ಕೆ ಮುಂಚೆ ಹೋದರೆ ಆರು ಗಂಟೆ ದಾರಿ ನಾಲ್ಕೇ ಗಂಟೆಯಲ್ಲಿ ಮುಗಿದಂತಾಗುತ್ತದೆ. ನಂಬುತ್ತಾಳಾ? ಇನ್ನರ್ಧ ಗಂಟೆ ಕೂರೋಣ. ಇನ್ನು ಸ್ವಲ್ಪ...

ಡಿಸೆಂಬರ್ ೩೧

ನಿನ್ನೆ ಎರಡೂ ಐವತ್ತಕ್ಕೆ ಹೋದೆ. ಡಾಕ್ಟರು ಆಗಷ್ಟೇ ಹೊರಟಿದ್ದರು. ಆಪರೇಷನ್ ಇವತ್ತು ಬೆಳಿಗ್ಗೆ ಆಯಿತು. ನಡುವೆ ಒಂದು ಇಡೀ ರಾತ್ರಿ. ಅಮ್ಮ ನರಳಿದ್ದನ್ನು ಪಕ್ಕದಲ್ಲೇ ಕೂತು ಕೇಳಿದೆ. “ಪಾಪ, ಊಟ ಇಲ್ದೆ ಅಷ್ಟು ದೂರದಿಂದ ಬಂದಿದ್ದಾನೆ, ಏನಾದ್ರೂ ಕೊಡೇ” ಅಂತ ಸೊಸೆಗೆ ಹೇಳಿದಳು. ಇವಳು ಬ್ರೆಡ್ ತಂದುಕೊಟ್ಟಳು. ತಿಂದೆ. ಮಾನಗೆಟ್ಟವನು, ತಿಂದೆ.

ನಿನ್ನೆಯೇ ಆಗಿದ್ದರೆ ಒಳ್ಳೆಯದಿತ್ತು ಅಂದರು ಡಾಕ್ಟರು. ಎದ್ದು ಓಡಾಡುವುದು ಯಾವಾಗ ಅಂತ ಈಗಲೇ ಹೇಳುವುದಿಲ್ಲವಂತೆ.

ಜನವರಿ ೩

ಮೆಸೇಜ್ ಬಂತು. ಅಭಿನಂದನೆಗಳು, ನೀವೀಗ ಡೈಮಂಡ್ ಸದಸ್ಯರು. ಅಮ್ಮನ ಬೆಡ್‌ಪ್ಯಾನ್ ತೊಳೆದು ಬರುತ್ತಿದ್ದೆ. ಅಳಿಸಿಹಾಕಿದೆ. ಅಳಿಸಿದರೆ ಏನು ಬಂತು?

ಸೂಟ್‌ಕೇಸ್ ಫೋನ್ ಮಾಡಿ ಪಾರ್ಟಿ ಯಾವಾಗ ಅಂದ. ಕಟ್ ಮಾಡಿದೆ. ಅಮ್ಮ ನರ್ಸ್‌ಗೆ, ಪಕ್ಕದ ಮಂಚದವರಿಗೆ, ನೋಡಲು ಬಂದವರಿಗೆ ಎಲ್ಲ ಅದನ್ನೇ ಹೇಳುತ್ತಾಳೆ — “ಆರು ಗಂಟೆ ದಾರಿ, ನಾಲ್ಕು ಗಂಟೇಲಿ ಓಡಿಬಂದ ನನ್ನ ಮಗ.” ಆಗೆಲ್ಲ ನೆಲ ನೋಡುತ್ತ ನಿಲ್ಲುತ್ತೇನೆ.

ಜನವರಿ ೬, ಮಧ್ಯಾಹ್ನ

ಇವಳು ಸ್ನಾನಕ್ಕೆ ಮನೆಗೆ ಹೋಗಿದ್ದಳು. ಇನ್ನು ತಡೆಯಲಾಗಲಿಲ್ಲ.

“ಅಮ್ಮಾ, ಅವತ್ತು ನಾನು ಟೂರಲ್ಲಿ ಇರ್ಲಿಲ್ಲ.”

“ಗೊತ್ತು ಕಣೋ.”

ತಲೆ ಎತ್ತಿ ಅವಳ ಮುಖ ನೋಡಿದೆ.

“ಅಷ್ಟು ದೂರ ಕಾರಲ್ಲಿ ಬಂದವನ ಶರ್ಟು ಸ್ವಲ್ಪಾನೂ ಮುದುಡಿರ್ಲಿಲ್ಲ. ಮೈಯೆಲ್ಲ ಘಮ್ಮಂತ ಸೋಪಿನ ವಾಸನೆ. ನಾನೇನು ಕುರುಡೀನಾ?”

“ಮತ್ತೆ ಎಲ್ರ ಹತ್ರ ಯಾಕಮ್ಮಾ ಹಾಗೆ...”

“ನಿನ್ನ ಹೆಂಡ್ತಿಗೆ ಅನುಮಾನ ಬರಬಾರದಲ್ಲ.” ನನ್ನ ಕೈ ಹಿಡಿದುಕೊಂಡಳು. ದನಿ ತಗ್ಗಿಸಿದಳು. “ಯಾರೋ ಅವಳು?”

ಯಾರೂ ಇಲ್ಲ, ಆಣೆಗೂ ಇಲ್ಲ, ಅಂದೆ.

“ನನ್ನ ಹತ್ರ ಎಂಥ ನಾಚಿಕೆ? ತಾಯಿ ಒದ್ದಾಡ್ತಿದ್ರೂ ಎದ್ದು ಬರಕ್ಕಾಗ್ಲಿಲ್ಲ ಅಂದ್ರೆ, ಅಷ್ಟು ಹಚ್ಕೊಂಡಿದ್ದೀಯ ಅಂತ ತಾನೆ? ಬಿಟ್ಟುಬಿಡಪ್ಪ. ಇವಳು ಒಳ್ಳೆಯವಳು.”

ಅಳುತ್ತಿದ್ದಳು. ಬಿದ್ದಾಗಲೂ ಅತ್ತಿರಲಿಲ್ಲವಂತೆ. ತನ್ನನ್ನು ಕಾಯಿಸುವಷ್ಟು ದೊಡ್ಡ ಕಾರಣವೊಂದನ್ನು ಅವಳೇ ನನಗಾಗಿ ಹುಡುಕಿಕೊಂಡಿದ್ದಾಳೆ. ನಿಜ ಹೇಳಿದರೆ ಅದೂ ಹೋಯಿತು.

“ಬಿಡ್ತೀನಮ್ಮ” ಅಂದುಬಿಟ್ಟೆ. ಇಲ್ಲದ ಹೆಂಗಸನ್ನು ಬಿಡುತ್ತೇನೆ ಅಂತ ಮಾತು ಕೊಟ್ಟೆ. ಅಮ್ಮ ಸಮಾಧಾನವಾಗಿ ಕಣ್ಣು ಮುಚ್ಚಿದಳು.

ಹೀಗೆ ಬಿಡಬಾರದು. ಎದ್ದ ಕೂಡಲೇ ಹೇಳುತ್ತೇನೆ. ಅಮ್ಮಾ, ಹೆಂಗಸಲ್ಲ. ಆ ರೂಮಲ್ಲಿ ನಾನೊಬ್ಬನೇ ಇದ್ದೆ. ನಿನ್ನನ್ನು ಅಷ್ಟು ಹೊತ್ತು ಹಾಗೆ ಮಲಗಿಸಿದ್ದು ಬರೀ ಒಂದು—