ಆಸಿಫ ಕಟ್ಟಿದ ಬೇಸ್

೯-೧೧-೨೦೨೪, ಶನಿವಾರ. ಮೈಲೂರ.

ಆಸಿಫನ ಮ್ಯಾಲಿನ ಹೊಟ್ಟಿಕಿಚ್ಚು ಉಂಡ ಮ್ಯಾಲೂ ಆರಿಲ್ಲ.

ನಮ್ಮ ಬ್ಯಾಂಡಿನ ಬ್ರೆಜಿಲ್ ಧಾಟಿ ಹಾಡಿಗಿ ಬೇಸ್, ಅಂದ್ರ ಗಿಟಾರಿನ ತಳದ ದಪ್ಪ ಸ್ವರ, ಕಟ್ಟೋದು ನನ್ನ ಕೆಲಸ. ದಸರಾದಿಂದ ಅದಕ್ಕೇ ಕುಂತಿದ್ದೆ. ಇವತ್ತು ನೌಬಾದದಾಗ ಪ್ರಾಕ್ಟೀಸಿನಾಗ ನುಡಿಸಿದ್ರ, ಹಾಡೋ ಅಖೀಲ ಅರ್ಧಕ್ಕೇ ನಿಲ್ಲಿಸಿದ. "ಅಣ್ಣಾ, ಇದು ಪೊಲೀಸರ ಕವಾಯತು ಆಯ್ತರಿ. ಹಾಡು ತೂಗಬೇಕ್ರಿ."

ಭಾಲ್ಕಿಯಿಂದ ಹೊಸದಾಗಿ ಬಂದ ಕೀಬೋರ್ಡಿನ ಆಸಿಫ, "ನಾ ಒಂದು ನೋಡ್ಲೇನ್ರಿ?" ಅಂದು ಎಡಗೈಲೇ ಬಾರಿಸಿದ. ತಾಳದ ಪೆಟ್ಟು ಬೀಳೋ ಮುಂಚೇನೇ ಸ್ವರ ಬಂದುಬಿಡ್ತದ, ಪೆಟ್ಟಿನ ಜಾಗಾ ಖಾಲಿ ಉಳೀತದ. ಆ ಖಾಲಿ ಜಾಗಾದಾಗೇ ಕಾಲು ಕುಣೀತಾವ. ನನ್ನ ಕಾಲೂ ಕುಣಿದ್ವು. ಅದೇ ನನಗ ಸಿಟ್ಟು.

"ಎಲ್ಲಿ ಕಲ್ತಿ?" ಅಂತ ಕೇಳಿದೆ.

"ಕಲ್ತಿಲ್ರಿ ಅಣ್ಣಾ. ಹಂಗೇ ಬಂತ್ರಿ. ನಿಮ್ಮ ಗಿಟಾರಿನ ಮ್ಯಾಲ ಇನ್ನೂ ಛಂದ ಕೇಳ್ತದ, ನೀವೇ ನುಡಿಸ್ರಿ."

ಅಂವ ಸೊಕ್ಕಿನವ ಆಗಿದ್ರ ಬೈಕೊಂಡಾದ್ರೂ ಮಲಗ್ತಿದ್ದೆ.

ಮನಿಗಿ ಬಂದು ಅದನ್ನೇ ನುಡಿಸ್ದೆ. ಬೆರಳು ಮತ್ತ ಮತ್ತ ಪೆಟ್ಟಿನ ಮ್ಯಾಲೇ ಬೀಳ್ತಿತ್ತು. ಕಡೀಕ ಕೂಡ್ತು. ಶಶಿಕಲಾ ರೊಟ್ಟಿ ಬಡಿಯೋದು ಬಿಟ್ಟು ಬಾಗಲದಾಗ ಬಂದು ನಿಂತಳು. ಮದಿವಿಯಾದಾಗಿಂದ ಆಕಿ ಹಂಗ ನಿಂತು ಕೇಳಿದ್ದಿಲ್ಲ.

"ಭಾಳ ಛಂದ ಅದರಿ. ನೀವೇ ಕಟ್ಟಿದ್ರೇನು?"

"ಹೂಂ" ಅಂದೆ.

"ಇನ್ನೊಮ್ಮಿ ನುಡಿಸ್ರಿ" ಅಂದಳು. ನುಡಿಸ್ದೆ. ಹಿಟ್ಟಿನ ಕೈಲೇ ತಾಳಾ ಹಾಕ್ಕೋತ ಕೇಳಿದಳು. ನಾ ಕಟ್ಟಿದ ಬೇಸ್ ಕೇಳಿ ಅಂಥಾ ಖುಷಿ ಎಂದೂ ಕಂಡಿಲ್ಲ ಆಕಿ ಮಾರಿ ಮ್ಯಾಲ.

ನಾಳಿ ಆಸಿಫ ಊಟಕ್ಕ ಬರ್ತಾನ. ಆಕಿ ಅಂವನ ಮುಂದೇ ನನ್ನ ಹೊಗಳಿದ್ರ, ಅಂವ ಸುಮ್ಮ ನಕ್ಕೋತ ಹೂಂ ಅಂತಾನ, ನನಗ ಗೊತ್ತದ. ಅದನ್ನ ನಾ ಹ್ಯಾಂಗ ತಡ್ಕೊಳ್ಳಲಿ?