‘ಲಿಟಲ್’ ಅಂದರೆ ಸ್ವಲ್ಪ ಅಲ್ಲ

ತಮ್ಮಾ,

ಅಮ್ಮನಿಗೆ ಈಗಷ್ಟೇ ನಿದ್ದೆ ಹತ್ತಿದೆ, ಸದ್ದು ಮಾಡಬೇಡ. ನಾನು ಡ್ಯೂಟಿಗೆ ಹೊರಟೆ.

ನಮ್ಮ ಮಾತು ಬಾರದ ಆ ಡಾಕ್ಟರ್ ನಿನ್ನೆ ಫೋನಿನಲ್ಲಿ ಅಮ್ಮನ ನೋವು ಹೇಗಿದೆ ಅಂದಾಗ ನೀನು ‘ಲಿಟಲ್ ಪೇನ್’ ಅಂದೆಯಂತೆ. ಸ್ವಲ್ಪ ಇದೆ ಅನ್ನೋದಕ್ಕೆ ‘ಎ ಲಿಟಲ್’ ಅನ್ನಬೇಕು ಕಣೋ. ಬರೀ ‘ಲಿಟಲ್’ ಅಂದರೆ ಇಲ್ಲವೆನ್ನುವಷ್ಟು ಕಡಿಮೆ ಅಂತ. ಅವರು ನೋವಿನ ಔಷಧಿಯನ್ನು ಅರ್ಧಕ್ಕೆ ಇಳಿಸಿಬಿಟ್ಟರು. ರಾತ್ರಿಯೆಲ್ಲ ಅಮ್ಮ ಹೊದಿಕೆ ಕಚ್ಚಿಕೊಂಡು ನರಳಿದಳು.

ಇವತ್ತು ಅವರು ಫೋನ್ ಮಾಡಿದರೆ ‘ಎ ಲಾಟ್ ಆಫ್ ಪೇನ್’ ಅನ್ನು. ಅಮ್ಮ ಪಕ್ಕದಿಂದ “ಸ್ವಲ್ಪ ಅಂತ ಹೇಳೋ” ಅಂದರೆ ಕಿವಿಗೆ ಹಾಕ್ಕೋಬೇಡ. ಔಷಧಿ ಮೊದಲಿನಷ್ಟೇ ಕೊಡಬಹುದಾ ಅಂತ ಕೇಳಿ, ಅವರು ಹೂಂ ಅಂದ ಮೇಲೇ ಫೋನ್ ಇಡು.

ನಿನ್ನ ಮೇಲೆ ಸಿಟ್ಟಿದೆ. ಹಾಗಂತ ನೀನು ಊಟ ಬಿಟ್ಟು ಕೂರಬೇಡ, ತಟ್ಟೆ ಮುಚ್ಚಿಟ್ಟಿದ್ದೇನೆ.

ಅಕ್ಕ