ಇವತ್ತು ರೇವತಿ

ಅಪ್ಪಾ,

ಹಾಸನದ ಬಸ್ಸಿಗೆ ಹೊರಟೆ. 'ಕಂಪ್ಯೂಟರಿಗೇನು ಗೊತ್ತು ನಕ್ಷತ್ರ' ಅಂತಿದ್ದೆಯಲ್ಲ, ಕೊನೆಗೂ ಅರ್ಚನೆ ಪಟ್ಟಿಗೆ ನಾನು ಬರೆದ ಪುಟ್ಟ ಪ್ರೋಗ್ರಾಂ, ಆ ಮ್ಯಾಕ್ರೋ, ಓಡಿತು.

ಮಡಿ ಉಡೋಕೆ ಮುಂಚೆ ನೋಡ್ಬಿಡು, ಆಮೇಲೆ ಲ್ಯಾಪ್‌ಟಾಪ್ ಮುಟ್ಟಲ್ಲ ಅಂತ ರಾಗ ತೆಗೀಬೇಡ. ಅರ್ಚನೆ ಫೈಲ್ ತೆರೆದಾಗ ಮೇಲೆ ಹಳದಿ ಪಟ್ಟಿ ಬಂದರೆ ಅದರಲ್ಲಿರೋ ಎನೇಬಲ್ ಒತ್ತು. 'ನಕ್ಷತ್ರ' ಅಂತಿರೋ ಚೌಕದ ಬಾಣ ಒತ್ತಿದರೆ ಇಪ್ಪತ್ತೇಳೂ ಕೆಳಗಿಳಿಯುತ್ತೆ. ರೇವತಿ ಆರಿಸು. ಇವತ್ತು ಯಾರ್ಯಾರಿಗೆ ಅರ್ಚನೆಯೋ ಅವರ ಹೆಸರು, ಗೋತ್ರ ದಪ್ಪ ಅಕ್ಷರದಲ್ಲಿ ತಾನೇ ಬರುತ್ತೆ.

ಮೊದಲನೇ ಹೆಸರು ನಿಂದೇ. ಊರಿಗೆಲ್ಲ ಅರ್ಚನೆ ಮಾಡೋನಿಗೆ ತನ್ನ ನಕ್ಷತ್ರದ ದಿನ ಒಂದು ಸಲಾನೂ ನೆನಪಾಗಲಿಲ್ಲ. ನಿನ್ನ ಅರ್ಚನೆ ನನ್ನ ತಮ್ಮ ಆತ್ರೇಯ ಮಾಡ್ತಾನೆ, ಒಪ್ಪಿಸಿದ್ದೀನಿ. ಅಷ್ಟು ಹೊತ್ತು ನೀನು ಗರ್ಭಗುಡಿಯಿಂದ ಆಚೆ ಬಂದು, ಭಕ್ತರ ಸಾಲಲ್ಲಿ ಕೈ ಮುಗಿದು ನಿಂತ್ಕೋ.

ಗೌರಿ